ದೇವಿರಮ್ಮ ಕಾದ ಹವಳ

“ಕಲ್ಲಿನ ಮ್ಯಾಲೆ ಊ ಬುಟ್ಟಂಗೆ ಕಾಣ್ತದೆ ಕಣ್ ಬೆಟ್ಟಮ್ಮ, ಊವಲ್ಲ, ಜೀವ. ನಮ್ಮಳಿಯಂದ್ರು ಅದ್ನ ಹವಳ ಅಂತಾರೆ. ಹವಳ ಅಂದ್ರೆ ಕತ್ತಿಗಾಕೋ ಕೆಂಪು ಮಣಿ ಅಂತ್ಲೇ ನಾನು ತಿಳ್ಕಂಡಿದ್ದು. ಇದು ಮೆತ್ಗದೆ, ಬೆಳ್ಳುಳ್ಳಿ ಸಿಪ್ಪೆ ಬಣ್ಣ. ಒಂದೊಂದು ಕಡ್ಡಿ ತುದೀಲೂ ಎಂಟೆಂಟು ಬೆರ್ಳಿರೋ ಪುಟ್ಟ ಕೈಗೋಳು. ಆ ಕೈ ಮುಚ್ಚೋದು, ಬುಡೋದು, ಮುಚ್ಚೋದು, ಬುಡೋದು. ಆಲು ಕುಡಿಯೋ ಕೂಸು ತಾಯಿ ಸೆರಗ್ನ ಇಡ್ಕಂಡು ಇಡ್ಕಂಡು ಬುಡ್ತದಲ್ಲ, ಅಂಗೆ. ಯಾರೂ ಮುಟ್ಬೇಕಿಲ್ಲ, ತಾನೇ ಆಡ್ಸ್ತದೆ. ಮೊದಲ್ನೇ ದಿನ ನೋಡ್ದಾಗ ನಂಗೆ ಭಯ ಆಯ್ತು. ಕಣ್ಣಿಲ್ಲ, ಕಿವಿಯಿಲ್ಲ, ಸದ್ದಿಲ್ಲ, ಇದ್ಕೇನಾರ ನೋವಾದ್ರೆ ನಮ್ಗೆ ಎಂಗ್ ಗೊತ್ತಾಗ್ಬೇಕು? ದನ ಆದ್ರೆ ಮೇವು ಬುಡ್ತದೆ, ಕೂಸಾದ್ರೆ ಅಳ್ತದೆ, ರೇಸ್ಮೆ ಉಳ ಆದ್ರೆ ಸೊಪ್ಪು ಮುಟ್ಟಾಕಿಲ್ಲ. ಇದು ಕೈ ಆಡ್ಸೋದ ನಿಲ್ಲುಸ್ತದೆ, ಅಷ್ಟೇಯ. ನಿಂತ ಮ್ಯಾಲೆ ಗೊತ್ತಾಗಿ ಏನ್ ಸುಖ? ಅದ್ಕೇ ಗಳ್ಗೆ ಗಳ್ಗೆಗೂ ಓಗಿ ನೋಡ್ತೀನಿ. ಅನ್ನಕ್ಕಿಟ್ಟು ನೋಡ್ತೀನಿ, ಬಟ್ಟೆ ಒಗ್ದು ಬಂದು ನೋಡ್ತೀನಿ. ಕರೆಂಟು ಓದ್ರೆ ಮೊದ್ಲು ನನ್ನೆದೆ ನಿಂತೋಯ್ತದೆ.”

ಮದ್ದೂರಿನ ಮಗಳ ಮನೆಯ ಜಗಲಿಯಲ್ಲಿ ಕುಳಿತು ದೇವಿರಮ್ಮ ಪಕ್ಕದ ಮನೆಯ ಬೆಟ್ಟಮ್ಮನಿಗೆ ಹೇಳಿದ ಮಾತು ಇದು. ಅಳಿಯ ಶಿವರಾಜು ಹನ್ನೆರಡು ದಿನದ ತರಬೇತಿಗೆಂದು ಹೊಸೂರಿಗೆ ಹೋಗಿ ಅಂದಿಗೆ ಮೂರು ದಿನವಾಗಿತ್ತು. ಹವಳವಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಅತ್ತೆಯ ವಶಕ್ಕೆ ಬಿಟ್ಟು ಹೋಗಿದ್ದ.

ಬೆಟ್ಟಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಸಾರ್‌ಗಾದ್ರೂ ಆಯ್ತದಾ ಅದು?”

“ಥೂ, ಏನ್ ಮಾತಾಡೀಯೆ.”

“ಮತ್ತೆ? ತಿನ್ನಾಕಿಲ್ಲ, ಮುಡಿಯಾಕಿಲ್ಲ, ಕರೆಂಟು ಮಾತ್ರ ಅಗಲೂ ರಾತ್ರಿ. ನಿನ್ನಳಿಯ ಎಮ್ಮೆ ಕಟ್ಟಿದ್ರೆ ನಂಗೂ ಒಂದ್ ಲೋಟ ಆಲು ಸಿಕ್ತಿತ್ತು.”

ದೇವಿರಮ್ಮ ನಕ್ಕಳು. ನಗುತ್ತಲೇ ಎದ್ದು ಒಳಗೆ ಹೋಗಿ ಒಂದು ಸಲ ನೋಡಿ ಬಂದಳು.

ದೇವಿರಮ್ಮನಿಗೆ ಅರವತ್ತೊಂದು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಹುಟ್ಟಿ, ಸೋದರಮಾವನ ಮಗ ಪುಟ್ಟಮಾದಯ್ಯನನ್ನು ಮದುವೆಯಾಗಿ, ಬದುಕಿನ ಬಹುಪಾಲನ್ನು ಅದೇ ಊರಿನಲ್ಲಿ ಕಳೆದವಳು. ಸ್ಕೂಲಿಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ. ಪುಟ್ಟಮಾದಯ್ಯ ನೀರುಗಂಟಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವ ಕೆಲಸ. ಅವನು ತೂಬಿನ ಕಡೆ ಹೋದರೆ ಇವಳು ಹುಳದ ಮನೆಗೆ ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷ ರೇಷ್ಮೆ ಹುಳ ಸಾಕಿದಳು. ಬಾಗಿಲ ಹೊರಗೆ ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಹೊಗೆಸೊಪ್ಪು ಹಾಕಿದವರು ಹತ್ತಿರ ಬರುವಂತಿಲ್ಲ. ಒಂದು ತಟ್ಟೆಯಲ್ಲಿ ಒಂದು ಹುಳ ಮೈ ಹಳದಿಯಾಗಿ ಹೊಳೆದರೆ ಅದನ್ನು ಆಗಲೇ ಹೆಕ್ಕಿ ತೆಗೆಯಬೇಕು. ನಾಳೆ ನೋಡೋಣ ಎಂದರೆ ನಾಳೆಗೆ ತಟ್ಟೆಯೇ ಹೋಗಿರುತ್ತದೆ.

ಒಂದು ವರ್ಷ ಪಕ್ಕದ ಹೊಲದವರು ಟೊಮೇಟೊಗೆ ಔಷಧಿ ಹೊಡೆದರು. ಗಾಳಿ ಈ ಕಡೆ ಬೀಸಿತು. ಸೊಪ್ಪಿಗೆ ಏನೋ ವಾಸನೆ ಇದೆಯಲ್ಲ ಎಂದು ಅವಳಿಗೆ ಅನ್ನಿಸಿತ್ತು. ಆದರೆ ಹುಳಕ್ಕೆ ಹಸಿವಿನ ಹೊತ್ತು, ಹಾಕಿಬಿಟ್ಟಳು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೇಯುವ ಸದ್ದೇ ಇಲ್ಲ. ಸಾವಿರಾರು ಹುಳ ತಟ್ಟೆಯ ಅಂಚಿನಿಂದ ದಾರದ ಹಾಗೆ ಜೋತುಬಿದ್ದಿದ್ದವು. ಪುಟ್ಟಮಾದಯ್ಯ ಬಂದು ನೋಡಿ, “ಓಗ್ಲಿ ಬುಡು, ಮನುಸ್ರೇ ಓಯ್ತಾರಂತೆ” ಅಂದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಬಹಳ ದಿನ ಅನ್ನಿಸುತ್ತಿತ್ತು. ವಾಸನೆ ಬಂದಿತ್ತು ಎಂಬುದನ್ನು ಅವನಿಗೆ ಹೇಳಲೇ ಇಲ್ಲ. ಅವನು ಎರಡು ವರ್ಷದ ಹಿಂದೆ ತೀರಿಕೊಂಡ. ಆ ಮಾತು ಹಾಗೇ ಉಳಿಯಿತು.

ಮಗಳು ಶೋಭಿತಾ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ನರ್ಸು. ಶಿವರಾಜು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ನೀರು ಪರೀಕ್ಷೆ ಮಾಡುವವನು. ಇಬ್ಬರದೂ ಶಿಫ್ಟಿನ ಕೆಲಸ. ಒಬ್ಬರು ಬಂದರೆ ಒಬ್ಬರು ಹೊರಡುವರು. ಪುಟ್ಟಮಾದಯ್ಯನ ತಿಥಿ ಮುಗಿದ ಮೇಲೆ ಮಗಳು, “ಬಾರವ್ವ, ಮನೇಲಿ ಒಬ್ರು ಇದ್ದಂಗಾಯ್ತದೆ” ಎಂದು ಕರೆದುಕೊಂಡು ಬಂದಳು. ಬಸ್ಸು ಹತ್ತಿಸಲು ಬಂದ ಮೈದುನ ಕೆಂಪಯ್ಯ ಮಾತ್ರ ಒಂದು ಮಾತು ಅಂದಿದ್ದ. “ಓಗತ್ತಿಗೆ, ಓಗು. ಮಗಳ ಮನೆ ಅನ್ನ ಅಳಿಯನ ಮುಖ ನೋಡ್ಕಂಡು ಉಣ್ಬೇಕು. ಏನಾರ ಒಂದು ಎಚ್ಚುಕಮ್ಮಿ ಆದ್ರೆ ನೀನೇ ಬತ್ತೀಯ, ಯಾರೂ ಕಳಿಸ್ಬೇಕಾಗಿಲ್ಲ.”

ಆ ಮಾತು ದೇವಿರಮ್ಮನ ಜೊತೆ ಬಸ್ಸು ಹತ್ತಿ ಮದ್ದೂರಿಗೆ ಬಂದಿತ್ತು. ಅಳಿಯನೇನೂ ಕೆಟ್ಟವನಲ್ಲ. ಆದರೆ ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮೇಲಾಗಿ ಅವಳು ಬೆಳೆದ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಅವನೊಂದಿಗೆ ನೇರ ಮಾತಾಡುವುದಿಲ್ಲ. ಎರಡು ವರ್ಷದಿಂದ ಆ ಮನೆಯಲ್ಲಿ ಮಾತು ಮಗಳ ಮೂಲಕವೇ ಹಾದು ಹೋಗುತ್ತಿತ್ತು. “ಅವ್ರಿಗೆ ಇನ್ನೊಂದ್ ಮುದ್ದೆ ಬೇಕಾ ಕೇಳವ್ವ” ಎಂದು ಅಡಿಗೆಮನೆಯಿಂದ ಇವಳು. “ಸಾಕು ಅಂತ ಹೇಳು” ಎಂದು ನಡುಮನೆಯಿಂದ ಅವನು. ನಡುವೆ ಶೋಭಿತಾ, “ಇಬ್ರಿಗೂ ಕಿವಿ ಕೇಳ್ತದೆ, ನಾನ್ಯಾಕೆ ಮಧ್ಯೆ ಟಾಂಟಾಂ ಒಡೀಬೇಕು?” ಎಂದು ಬೈದುಕೊಳ್ಳುತ್ತಿದ್ದಳು.

ತೊಟ್ಟಿಯ ಕೆಲಸ ಅವಳಿಗೆ ಬಂದದ್ದೂ ಮಾತಿಲ್ಲದೆಯೇ. ಮೂರು ವರ್ಷದ ಹಿಂದೆ ಶಿವರಾಜು ಬೆಂಗಳೂರಿನಿಂದ ನೀರು ತುಂಬಿದ ಪ್ಲಾಸ್ಟಿಕ್ ಕವರಿನಲ್ಲಿ ಬೆರಳುದ್ದದ ಒಂದು ಹವಳದ ತುಂಡು ತಂದಿದ್ದ. ಅದು ಕಲ್ಲಿಗೆ ಅಂಟಿ, ಹಬ್ಬಿ, ಈಗ ಬಂಡೆಯ ಅರ್ಧವನ್ನು ಮುಚ್ಚಿತ್ತು. ಜೊತೆಗೆ ಎರಡು ಕೇಸರಿ ಬಣ್ಣದ ಮೀನು, ಒಂದು ಸೀಗಡಿ, ನಾಲ್ಕು ಬಸವನಹುಳ. ಕೆಲಸದಿಂದ ಬಂದವನು ಬಟ್ಟೆ ಬದಲಿಸುವ ಮೊದಲೇ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ದೇವಿರಮ್ಮ ಬಾಗಿಲ ಸಂದಿನಿಂದ ನೋಡುತ್ತಿದ್ದಳು. ನೀರು ಆರಿ ಕೆಳಗಿಳಿದಷ್ಟಕ್ಕೆ ಪ್ರತಿದಿನ ಉಪ್ಪಿಲ್ಲದ ಫಿಲ್ಟರು ನೀರು ಹಾಕುವುದನ್ನು ಕಂಡು ಅವಳಿಗೆ ಸೋಜಿಗವಾಗಿತ್ತು. ಸಮುದ್ರದ ಜೀವಕ್ಕೆ ಸಪ್ಪೆ ನೀರು ಯಾಕೆ? ಮಗಳಿಂದ ಕೇಳಿಸಿದಳು. ನೀರಷ್ಟೇ ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ ಎಂದು ಅವನು ಹೇಳಿಸಿದ. “ಓ, ಸಾರು ಕುದ್ದು ಕುದ್ದು ಉಪ್ಪಾಯ್ತದಲ್ಲ, ಅಂಗೆ” ಎಂದಳು ಒಳಗಿನಿಂದ. ಅಳಿಯ ಅಂದು ನಕ್ಕ ಸದ್ದು ಕೇಳಿಸಿತು. ಅದಾದ ವಾರದಲ್ಲೇ, “ಶಿಫ್ಟಿದ್ದ ದಿನ ಅತ್ತೇನೇ ನೀರು ಹಾಕಲಿ” ಎಂದು ಹೇಳಿಸಿದ. ಆ ಮನೆಯಲ್ಲಿ ಮುದ್ದೆ ಸಾರಿನ ಆಚೆಗೆ ಅವಳಿಗೆ ಸಿಕ್ಕ ಮೊದಲ ಕೆಲಸ ಅದು. ಇದನ್ನು ಉಳಿಸಿಕೊಂಡರೆ ಮನೆಯಲ್ಲಿ ನಾನೂ ಉಳಿದ ಹಾಗೆ ಎಂದು ದೇವಿರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು.

ಬೆಟ್ಟಮ್ಮನೊಂದಿಗೆ ಮಾತಾಡಿದ ಆ ಮೂರನೇ ದಿನದ ಸಂಜೆಯೇ ಫಿಲ್ಟರು ನೀರು ತುಂಬಿಡುವ ಪ್ಲಾಸ್ಟಿಕ್ ಡ್ರಮ್ಮಿನ ನಲ್ಲಿ ಮುರಿದು ನೀರೆಲ್ಲ ಹರಿದುಹೋಯಿತು. ದೇವಿರಮ್ಮ ಒಂದು ಗಳಿಗೆ ಯೋಚಿಸಿದಳು. ಸ್ಟೀಲು ಪಾತ್ರೆಗಳಲ್ಲೆಲ್ಲ ಸಾರಿನ ವಾಸನೆ. ಬಕೀಟಿನಲ್ಲಿ ಸೋಪು. ಊರಿನಿಂದ ತಂದಿದ್ದ ಅವಳ ತಾಯಿಯ ತಾಮ್ರದ ಬಿಂದಿಗೆ ಅಟ್ಟದ ಮೇಲಿತ್ತು. ದೇವರಿಗೆ ಇಡುವ ನೀರು, ಬಾಣಂತಿ ಕುಡಿಯುವ ನೀರು, ಕಾಯಿಲೆಯವರ ನೀರು ಎಲ್ಲವೂ ಅದರಲ್ಲೇ. ಅದಕ್ಕಿಂತ ಶುದ್ಧವಾದ ಪಾತ್ರೆಯನ್ನು ಅವಳು ಕಂಡಿರಲಿಲ್ಲ. ಇಳಿಸಿ, ಹುಣಸೆಹಣ್ಣು ಹಾಕಿ, ಬಂಗಾರದ ಹಾಗೆ ಹೊಳೆಯುವ ತನಕ ಉಜ್ಜಿ, ಮೂರು ಸಲ ತೊಳೆದು, ಫಿಲ್ಟರಿನ ಕೆಳಗಿಟ್ಟಳು. ಬಿಂದಿಗೆ ರಾತ್ರಿಯಿಡೀ ತುಂಬಿತು. ಬೆಳಿಗ್ಗೆ ಗಾಜಿನ ಮೇಲಿನ ಗೆರೆಯವರೆಗೆ ಹಾಕಿದಳು. ಮರುದಿನವೂ ಹಾಕಿದಳು. ಅದರ ಮರುದಿನವೂ.

ಆರನೇ ದಿನ ಸೀಗಡಿ ಮಗ್ಗುಲಾಗಿ ಬಿದ್ದಿತ್ತು. ವಯಸ್ಸಾಗಿರಬೇಕು ಎಂದುಕೊಂಡಳು. ಏಳನೇ ದಿನ ಎರಡು ಬಸವನಹುಳ ಗಾಜಿನಿಂದ ಜಾರಿ ಬೆನ್ನ ಮೇಲೆ ಬಿದ್ದವು. ಎತ್ತಿ ನೆಟ್ಟಗಿಟ್ಟಳು, ಮತ್ತೆ ಬಿದ್ದವು. ಮೀನು ಮಾತ್ರ ಚೆನ್ನಾಗಿ ಓಡಾಡುತ್ತಿದ್ದವು. ಅದೇ ಅವಳಿಗೆ ಒಂದು ಧೈರ್ಯ. ಆ ಮಧ್ಯಾಹ್ನ ಹವಳದ ಮುಂದೆ ಕೂತು ಕೈಗಳನ್ನು ಎಣಿಸಿದಳು. ಮೊದಲು ಒಂದು ಉಸಿರಿಗೆ ಎರಡು ಸಲ ಮುಚ್ಚಿ ಬಿಡುತ್ತಿದ್ದವು. ಈಗ ಒಂದು ಸಲಕ್ಕೆ ಎರಡು ಉಸಿರು ಬೇಕು. ಎಣಿಸುತ್ತಿದ್ದವಳು ತನ್ನ ಉಸಿರನ್ನೇ ಬಿಗಿಹಿಡಿದುಬಿಟ್ಟಿದ್ದಳು.

ಕರೆಂಟು ಇತ್ತು. ನೀರು ತಿರುಗಿಸುವ ಮೋಟರು ಗುಂಯ್‌ಗುಡುತ್ತಿತ್ತು. ದೀಪ ಸರಿಯಾಗಿತ್ತು. ಬೆಟ್ಟಮ್ಮನ ಕಣ್ಣು ಬಿತ್ತೇನೋ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಹಾಕಿದ ಮೇಲೆ ತನಗೇ ನಾಚಿಕೆಯಾಯಿತು. ಹುಳದ ಮನೆಯಲ್ಲೂ ಕೊನೆಗೆ ದೋಷ ಇದ್ದದ್ದು ಸೊಪ್ಪಿನಲ್ಲಿ, ಕಣ್ಣಿನಲ್ಲಿ ಅಲ್ಲ.

ಎಂಟನೇ ದಿನ ಬೆಳಿಗ್ಗೆ ಕೈಗಳು ನಿಂತಿದ್ದವು. ಒಂದೂ ಆಡುತ್ತಿರಲಿಲ್ಲ. ಕಡ್ಡಿಗಳು ಸೊರಗಿ, ಒದ್ದೆ ಬತ್ತಿಯ ಹಾಗೆ ಕಲ್ಲಿಗೆ ಒರಗಿದ್ದವು. ದೇವಿರಮ್ಮ ಗಾಜಿಗೆ ಕೈ ಇಟ್ಟು, “ಆಡುಸ್ರಪ್ಪ, ಒಂದ್ ಸಲ ಆಡುಸ್ರಪ್ಪ” ಎಂದು ಮೆಲ್ಲಗೆ ಕೇಳಿಕೊಂಡಳು.

ರಾತ್ರಿ ಪಾಳಿ ಮುಗಿಸಿ ಬಂದ ಶೋಭಿತಾ ನೋಡಿದವಳೇ ಬ್ಯಾಗನ್ನೂ ಇಳಿಸದೆ ಗಂಡನಿಗೆ ವೀಡಿಯೋ ಕಾಲ್ ಮಾಡಿದಳು. ದೇವಿರಮ್ಮ ಎಂದಿನಂತೆ ಬಾಗಿಲ ಮರೆಯಲ್ಲಿ ನಿಂತಳು. ಶಿವರಾಜು ಒಂದೊಂದೇ ಕೇಳಿದ. ಮೋಟರು? ಓಡುತ್ತಿದೆ. ಉಪ್ಪಿನ ಅಳತೆ? ಗೆರೆಯಲ್ಲೇ ಇದೆ. ಯಾರಾದರೂ ಕೈ ಹಾಕಿದರಾ? ಇಲ್ಲ.

“ನೀರು ಡ್ರಮ್ಮಿಂದೇ ತಾನೇ?”

“ಡ್ರಮ್ಮು ನಲ್ಲಿ ಮುರೀತಂತೆ ಕಣ್ರಿ. ಅವ್ವ ಬಿಂದಿಗೇಲಿಟ್ಟವ್ಳೆ.”

“ಯಾವ ಬಿಂದಿಗೆ?”

ಶೋಭಿತಾ ತಿರುಗಿ ಫಿಲ್ಟರಿನ ಕಡೆ ನೋಡಿದಳು. ಹೊಳೆಯುವ ಬಿಂದಿಗೆ ಅಲ್ಲೇ ಕೂತಿತ್ತು. ಅದು ಕಾಣದ ಹಾಗೆ ಅವಳು ಫೋನನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

“ಸ್ಟೀಲ್ದು” ಅಂದಳು ಶೋಭಿತಾ.

“ಹಾಗಾದ್ರೆ ನಂಗೆ ಗೊತ್ತಾಗ್ತಿಲ್ಲ. ಎರಡು ದಿನ ನೋಡೋಣ” ಎಂದು ಅವನು ಫೋನ್ ಇಟ್ಟ.

ಮಗಳು ಗೋಡೆಗೊರಗಿ ಕೂತಳು. “ತಾಮ್ರ ಅವಕ್ಕೆ ವಿಷ ಕಣವ್ವ. ಒಂಚೂರು ಇಳಿದ್ರೂ ಸಾಕಂತೆ. ಓದ ದಿನ ಬಸ್ಸಿಂದ ಫೋನ್ ಮಾಡಿ ಏಳಿದ್ರು, ಅತ್ತೆಗೆ ಏಳು, ತಾಮ್ರ ಇತ್ತಾಳೆ ಮುಟ್ಟಿಸ್ಬೇಡಿ ಅಂತ. ಡ್ಯೂಟಿಯಿಂದ ಬಂದು ಬಿದ್ಕಂಡೆ. ನಿಂಗೆ ಏಳ್ಲೇ ಇಲ್ಲ.”

ದೇವಿರಮ್ಮನಿಗೆ ತಾನು ಹುಣಸೆಹಣ್ಣು ಹಾಕಿ ಉಜ್ಜಿದ್ದು ನೆನಪಾಯಿತು. ಒಂದು ಕರೆ ಸಹ ಉಳಿಯದಂತೆ ಉಜ್ಜಿದ್ದಳು.

“ಈಗೇನ್ ಮಾಡದು? ಸ್ಟೀಲು ಅಂದುಬುಟ್ಟೆನಲ್ಲ” ಎಂದಳು ಶೋಭಿತಾ. “ಸುಮ್ನಿದ್ಬುಡವ್ವ. ಎಂಗೋ ಸತ್ತೋದ್ವು ಅಂದ್ಕತಾರೆ. ಅವ್ರು ಮೂರು ವರ್ಸ ಸಾಕವ್ರೆ. ನಾನ್ ಮರೆತೆ ಅಂತ ಗೊತ್ತಾದ್ರೆ ತಿಂಗಳುಗಟ್ಲೆ ಮಾತಾಡಾಕಿಲ್ಲ. ನೀನ್ ಇಲ್ಲಿರೋದು ಬೇರೆ.”

ನೀನು ಇಲ್ಲಿರೋದು ಬೇರೆ. ಮಗಳು ಬೇಕೆಂದು ಅಂದ ಮಾತಲ್ಲ. ಹೆದರಿಕೆಯಲ್ಲಿ ಬಾಯಿಂದ ಜಾರಿದ್ದು. ಆದರೂ ಅದು ಕೆಂಪಯ್ಯನ ಮಾತಿನ ಪಕ್ಕದಲ್ಲೇ ಹೋಗಿ ಕೂತಿತು. ಸುಮ್ಮನಿದ್ದರೆ ಇನ್ನೆರಡು ದಿನದಲ್ಲಿ ಎಲ್ಲ ಕರಗಿ ಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಒಂದೆರಡು ಉಳಿದರೂ ಉಳಿದಾವು. ಆದರೆ ಮಗಳು ಗಂಡನ ಮುಂದೆ ಸುಳ್ಳಿಯಾಗುತ್ತಾಳೆ, ತನಗೆ ಮಳವಳ್ಳಿ ಬಸ್ಸು. ದೇವಿರಮ್ಮ ತೊಟ್ಟಿಯ ಕಡೆ ನೋಡಿದಳು. ಬಂಡೆಯ ಎಡ ಅಂಚಿನಲ್ಲಿ ಐದಾರು ಕಡ್ಡಿಗಳು ಇನ್ನೂ ಪೂರ್ತಿ ಒರಗಿರಲಿಲ್ಲ.

“ಫೋನ್ ಮಾಡ್ಕೊಡು” ಅಂದಳು.

“ಯಾರ್ಗೆ?”

“ಅವ್ರಿಗೆ. ನಾನೇ ಮಾತಾಡ್ತೀನಿ.”

“ನೀನಾ? ಬ್ಯಾಡ ಕಣವ್ವ.”

“ರೋಗ ಮುಚ್ಚಿಟ್ರೆ ಮನೆನೇ ಓಯ್ತದೆ ಮಗ. ಮಾಡ್ಕೊಡು.”

ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ, “ಹೇಳು ಶೋಭಿ” ಎಂದು ಕೇಳಿತು. ಅಳಿಯ ಮಗಳನ್ನು ಹಾಗೆ ಕರೆಯುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ನಾನು ಕಣಪ್ಪ, ಸಿವರಾಜಪ್ಪ. ಬಿಂದಿಗೆ ಸ್ಟೀಲ್ದಲ್ಲ, ತಾಮ್ರುದ್ದು. ನಾನೇ ತೊಳ್ದು ಇಟ್ಟಿದ್ದು. ಐದು ದಿನ ಅದ್ರ ನೀರೇ ಆಕಿವ್ನಿ. ಅವ್ಳು ಎದ್ರುಕಂಡು ಸ್ಟೀಲು ಅಂದ್ಲು. ನೀನ್ ಏಳಿದ್ದು ನನ್ ಕಿವೀಗೆ ಬರ್ಲಿಲ್ಲ.”

ಆ ಕಡೆ ಯಾರೋ ದೂರದಲ್ಲಿ ಹಿಂದಿಯಲ್ಲಿ ಕೂಗುತ್ತಿದ್ದರು. ಆಮೇಲೆ ಫೋನು ಕಟ್ಟಾಯಿತು.

“ಏನಂದ್ರು?” ಶೋಭಿತಾ ಕೇಳಿದಳು.

“ಏನೂ ಅನ್ನಿಲ್ಲ.”

ದೇವಿರಮ್ಮ ಒಳಕೋಣೆಗೆ ಹೋದಳು. ತಂತಿಯ ಮೇಲಿದ್ದ ತನ್ನ ಎರಡು ಸೀರೆ ಮಡಿಸಿ ಬ್ಯಾಗಿಗೆ ಹಾಕಿದಳು. ರವಿಕೆ, ಬಾಚಣಿಗೆ, ಬಿ.ಪಿ. ಮಾತ್ರೆ. ಕೆಂಪಯ್ಯ ಬಸ್ ಸ್ಟ್ಯಾಂಡಿನಲ್ಲೇ ನಿಂತಿರುತ್ತಾನೋ ಏನೋ, ಹೇಗೆ ನಗುತ್ತಾನೋ ಎಂದುಕೊಂಡಳು.

ಹತ್ತು ನಿಮಿಷ ಕಳೆದಿರಬಹುದು. ಅವಳದೇ ಸಣ್ಣ ಫೋನು ಬಡಿದುಕೊಂಡಿತು. ಅದಕ್ಕೆ ಊರಿನವರು ಬಿಟ್ಟರೆ ಯಾರೂ ಮಾಡುತ್ತಿರಲಿಲ್ಲ.

“ಅತ್ತೆ, ನಾನು.” ದನಿ ಒರಟಾಗಿತ್ತು. “ಇನ್ನೂ ಎಷ್ಟು ನಿಂತಿವೆ, ನೋಡಿ ಹೇಳಿ.”

“ಎಡಕ್ಕೆ ಐದಾರು.”

“ಬೀರು ಕೆಳಗೆ ಹೊಸ ಬ್ಲೇಡಿದೆ. ಆ ಐದಾರನ್ನ ಬುಡದ ಹತ್ರ ಕೊಯ್ದು ಬೇರೆ ನೀರಿಗೆ ಹಾಕ್ಬೇಕು. ಹಳೇ ನೀರಲ್ಲ, ಹೊಸದಾಗಿ ಉಪ್ಪು ಕಲಸಿದ್ದು. ಮೋಟರಿನ ಚೀಲದಲ್ಲಿ ಇದ್ದಲು ಬದಲಾಯಿಸ್ಬೇಕು. ತೊಟ್ಟಿ ನೀರು ಅರ್ಧ ತೆಗೀಬೇಕು, ನಾಳೆ ಮತ್ತೆ ಅರ್ಧ. ಆಗ್ತದಾ ನಿಮ್ ಕೈಲಿ?”

“ಏಳಪ್ಪ. ಒಂದೊಂದೇ ಏಳು.”

ಫೋನನ್ನು ಕಟ್ಟಲಿಲ್ಲ. ಅದನ್ನು ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ, ದನಿ ಜೋರು ಮಾಡಿ ಇಟ್ಟರು. ಶೋಭಿತಾ ಬೆಟ್ಟಮ್ಮನ ಮನೆಗೆ ಓಡಿ ಎರಡು ಪ್ಲಾಸ್ಟಿಕ್ ಕೊಡ ತಂದಳು. ಹಿಂದೆಯೇ ಬೆಟ್ಟಮ್ಮನೂ ಬಂದಳು, “ಏನ್ರೇ, ಎರಿಗೆ ಗಿರಿಗೆ ಏನಾರ ಆಯ್ತಾ ಇದಕ್ಕೆ?” ಎನ್ನುತ್ತ. ಯಾರೂ ನಗದ್ದನ್ನು ಕಂಡು ಸೀರೆ ಎತ್ತಿ ಕಟ್ಟಿ ತಾನೂ ನೀರು ಹೊರಲು ನಿಂತಳು. ಫಿಲ್ಟರಿನ ನೀರು ಹನಿಹನಿ. ಕೊಡ ತುಂಬುವ ತನಕ ಮೂವರೂ ಸುಮ್ಮನೆ ಅದರ ಬಾಯನ್ನೇ ನೋಡುತ್ತ ಕೂತರು. ಕೊಯ್ಯುವಾಗ ಮಾತ್ರ ದೇವಿರಮ್ಮ ಯಾರಿಗೂ ಬ್ಲೇಡು ಕೊಡಲಿಲ್ಲ. ಹುಳ ಹೆಕ್ಕಿದ ಬೆರಳು ಅವು. ಮೆತ್ತಗಿನ ಜೀವವನ್ನು ಅದುಮದೆ ಎತ್ತುವುದು ಅವಕ್ಕೆ ಗೊತ್ತಿತ್ತು. ಐದು ಬಂದವು, ಅವನ್ನು ಹೊಸ ಉಪ್ಪುನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟಳು. ಆರನೆಯದು ಕೈಯಲ್ಲೇ ಗಂಜಿಯಂತೆ ಕರಗಿಹೋಯಿತು.

ಸಂಜೆಗೆ ತೊಟ್ಟಿಯಲ್ಲಿ ಕೊಳೆತ ಮೀನಿನಂಥ ವಾಸನೆ ಎದ್ದಿತು. ಮೂರು ವರ್ಷ ಹಬ್ಬಿದ್ದು ಕಲ್ಲಿನಿಂದ ಬಿಳಿ ಲೋಳೆಯಾಗಿ ಬಿಡುತ್ತಿತ್ತು. ಅದನ್ನೆಲ್ಲ ರಬ್ಬರ್ ಪೈಪಿನಲ್ಲಿ ಎಳೆದು ತೆಗೆದರು. ಮರುದಿನವೂ, ಅದರ ಮರುದಿನವೂ ನೀರು ಹೊತ್ತರು. ಟಬ್ಬಿನಲ್ಲಿದ್ದ ಐದರಲ್ಲಿ ಎರಡು ಹೋದವು. ಮೂರು ಉಳಿದವು, ಕೈ ಮುದುಡಿಕೊಂಡು. ಶಿವರಾಜು ದಿನಕ್ಕೆ ಮೂರು ಸಲ ಅವಳ ಫೋನಿಗೇ ಮಾಡುತ್ತಿದ್ದ. ಕೇಳಿದ್ದಷ್ಟೇ, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಶೋಭಿತಾಳ ಫೋನಿಗೆ ಒಂದು ಸಲವೂ ಮಾಡಲಿಲ್ಲ. ಅದೇ ದೇವಿರಮ್ಮನನ್ನು ಒಳಗೊಳಗೇ ಕೊರೆಯುತ್ತಿತ್ತು. ಬ್ಯಾಗು ಮಂಚದ ಮೇಲೆ ಹಾಗೇ ಇತ್ತು.

ಹನ್ನೆರಡನೇ ದಿನ ಮಧ್ಯಾಹ್ನ ಅವನು ಬಂದ. ಚಪ್ಪಲಿ ಬಿಟ್ಟವನು ನೇರ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ತೊಟ್ಟಿಯಲ್ಲಿ ಬೋಳು ಬಂಡೆ, ಎರಡು ಮೀನು. ಅದನ್ನು ಒಂದು ಸಲ ನೋಡಿ ಮುಖ ತಿರುಗಿಸಿದ. ದೇವಿರಮ್ಮ ಬಾಗಿಲ ಮರೆಯಲ್ಲಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು.

“ಅತ್ತೆ, ಬನ್ನಿ ಇಲ್ಲಿ.”

ಬಂದಳು. ಎರಡು ವರ್ಷದಲ್ಲಿ ಅವನ ಮುಂದೆ ಅಷ್ಟು ಹತ್ತಿರ ನಿಂತಿರಲಿಲ್ಲ.

“ಮಧ್ಯದ್ದು ಯಾವಾಗ್ಲಿಂದ ಹೀಗೆ ಒರಗಿದೆ?”

“ನೆನ್ನೆ ಒತ್ತಾರೆಯಿಂದ. ಅದ್ಕೆ ಬ್ಯಾರೆ ಡಬ್ಬಕ್ಕೆ ಆಕ್ಲಾ ಅಂತ ನೋಡ್ತಿದ್ದೆ. ಅದು ಓದ್ರೆ ಉಳಿದೆಲ್ಡ್ನೂ ಕರ್ಕಂಡೋಯ್ತದೆ.”

“ಹಾಕಿ. ಇವತ್ತೇ ಹಾಕಿ.” ಅವನು ಕೈ ಒರೆಸಿಕೊಂಡ. “ನಾಳೆ ನಂಗೆ ಮೊದಲ್ನೇ ಶಿಫ್ಟು. ಹತ್ತು ಗಂಟೆಗೆ ನೀರು ನೀವೇ ಬದಲಾಯಿಸ್ಬೇಕು.”

“ನಾನಾ?”

“ಇನ್ಯಾರು? ಅವ್ಳಿಗೆ ಹೇಳಿದ್ರೆ ನಿಮ್ಗೆ ಮುಟ್ಟೋಕೆ ಎಂಟು ದಿನ.” ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಶೋಭಿತಾಳ ಕೈ ನಿಂತದ್ದು ಇಬ್ಬರಿಗೂ ಕೇಳಿಸಿತು. ಅವನು ದನಿ ತಗ್ಗಿಸಲಿಲ್ಲ. “ಏನಿದ್ರೂ ನಂಗೇ ಹೇಳಿ. ಒಳ್ಳೇದು, ಕೆಟ್ಟದ್ದು, ಎರಡೂ. ಆ ಬ್ಯಾಗು ಯಾತಕ್ಕೆ ಮಂಚದ ಮೇಲೆ?”

ದೇವಿರಮ್ಮ ಒಳಗೆ ಹೋಗಿ ಬ್ಯಾಗನ್ನು ಮಂಚದಿಂದ ಇಳಿಸಿ ಮೂಲೆಗಿಟ್ಟು ಬಂದಳು.

ಮೂರೂ ಉಳಿಯುತ್ತವೆ ಎಂದು ಅವನು ಹೇಳಲಿಲ್ಲ. ಕಲ್ಲೊಳಗೆ ತಾಮ್ರ ಇಳಿದಿರುತ್ತದೆ, ತಿಂಗಳುಗಟ್ಟಲೆ ಬಿಡುತ್ತಿರುತ್ತದೆ, ಈ ತೊಟ್ಟಿಗೆ ಮತ್ತೆ ಇವನ್ನು ಹಾಕಬಹುದೋ ಇಲ್ಲವೋ ಗೊತ್ತಿಲ್ಲ ಎಂದಷ್ಟೇ ಅಂದ. ಆ ಹೆದರಿಕೆಯನ್ನು ಅವನು ಹೆಂಡತಿಯ ಕೈಲಿ ಹೇಳಿಸದೆ ದೇವಿರಮ್ಮನ ಮುಂದೆಯೇ ಇಟ್ಟಿದ್ದ. ಹೆದರಿಕೆ ಕಡಿಮೆಯೇನೂ ಆಗಲಿಲ್ಲ; ಹೊತ್ತುಕೊಳ್ಳುವವರು ಇಬ್ಬರಾದರು.

ದೇವಿರಮ್ಮ ಮಧ್ಯದ ಕಡ್ಡಿಯನ್ನು ಬೇರೆ ಡಬ್ಬಕ್ಕೆ ಹಾಕಿ ಮುಚ್ಚಳ ವಾರೆ ಮಾಡಿಟ್ಟಳು. ಟಬ್ಬಿನ ಅಂಚಿನ ಸುತ್ತ ನೀರು ಚಿಮ್ಮಿ ಆರಿದ ಕಡೆಯೆಲ್ಲ ಉಪ್ಪು ಬಿಳಿಯಾಗಿ ಹೊಪ್ಪಳೆಗಟ್ಟಿತ್ತು. ಹಳೆಯ ಪಂಚೆಯ ತುಂಡೊಂದನ್ನು ಬರಿ ನೀರಿನಲ್ಲಿ ಅದ್ದಿ, ಹಿಂಡಿ, ಒಂದು ಹರಳೂ ಒಳಗೆ ಬೀಳದಂತೆ ಹೊರಗಡೆಗೆ ಎಳೆದೆಳೆದು ಒರೆಸತೊಡಗಿದಳು.